ವಾದ್ಯವೃಂದ ಕೇಳಿ ಕಣ್ಣೊದ್ದೆಯಾಗುವುದರ ತಾತ್ವಿಕ ನೆಲೆಗಳು: ಒಂದು ಬಹುಶಿಸ್ತೀಯ ಅಧ್ಯಯನ

1. ಪ್ರಾಸ್ತಾವಿಕ

ಮನುಷ್ಯನೊಬ್ಬ ಇಳಯರಾಜಾ ಅವರ ವಾದ್ಯಸಂಗೀತ ಕೇಳುತ್ತಾನೆ, ಕೇಳಿ ಅಳುತ್ತಾನೆ. ಮೇಲ್ನೋಟಕ್ಕೆ ಸರಳವೆಂದು ತೋರುವ ಈ ವಿದ್ಯಮಾನವನ್ನು ಹಾಗೆಯೇ ಸರಳವಾಗಿ ಬಿಟ್ಟುಬಿಟ್ಟರೆ ವಿಶ್ವವಿದ್ಯಾಲಯಗಳು ಏತಕ್ಕಿವೆ ಎಂಬ ಪ್ರಶ್ನೆ ಏಳುತ್ತದೆ. ಆದಕಾರಣ ಪ್ರಸ್ತುತ ಪ್ರಬಂಧವು ಸದರಿ ಅಳುವನ್ನು ಅದರ ಸಾಮಾಜಿಕ, ಸಾಂಸ್ಕೃತಿಕ, ವಸಾಹತೋತ್ತರ ಹಾಗೂ ಇತರೆ ಆಯಾಮಗಳೊಂದಿಗೆ ಮುಖಾಮುಖಿಯಾಗಿಸಿ, ಅನುಸಂಧಾನಕ್ಕೆ ಒಳಪಡಿಸಿ, ಅದು ಮತ್ತೆ ಮೇಲೇಳದಂತೆ ಮಾಡಲು ಯತ್ನಿಸುತ್ತದೆ. ‘ಇತರೆ’ ಎಂಬ ಆಯಾಮವನ್ನು ಮಾರ್ಗದರ್ಶಕರ ಸೂಚನೆಯ ಮೇರೆಗೆ ಸೇರಿಸಲಾಗಿದೆ.

ಅಧ್ಯಯನದ ವ್ಯಾಪ್ತಿಗೆ ಐದು ಕೃತಿಗಳನ್ನು ತೆಗೆದುಕೊಳ್ಳಲಾಗಿದೆ. ಮೊದಲನೆಯದು 1986ರ ‘ಹೌ ಟು ನೇಮ್ ಇಟ್?’, ತ್ಯಾಗರಾಜರಿಗೂ ಪಾಶ್ಚಾತ್ಯ ರಚನಕಾರ ಬಾಖ್‌ಗೂ ಒಟ್ಟಿಗೇ ಅರ್ಪಿಸಿದ, ಹತ್ತು ರಚನೆಗಳ ಸಂಪುಟ. ಎರಡನೆಯದು 1988ರ ‘ನಥಿಂಗ್ ಬಟ್ ವಿಂಡ್’. ಮುಂದೆ ಹರಿಪ್ರಸಾದ್ ಚೌರಾಸಿಯಾ ಅವರ ಬಾನ್ಸುರಿ, ಹಿಂದೆ ದೊಡ್ಡ ವಾದ್ಯವೃಂದ, ಒಟ್ಟು ಐದು ರಚನೆಗಳು. ಮೂರನೆಯದು 1993ರಲ್ಲಿ ಲಂಡನ್ನಿನ ರಾಯಲ್ ಫಿಲ್‌ಹಾರ್ಮೋನಿಕ್ ಆರ್ಕೆಸ್ಟ್ರಾ ನುಡಿಸಿ, ಧ್ವನಿಮುದ್ರಣವೂ ಆಗಿ, ಮಾರುಕಟ್ಟೆಗೆ ಮಾತ್ರ ಬಾರದೇ ಉಳಿದ ಸಿಂಫನಿ. ನಾಲ್ಕನೆಯದು 2005ರ ‘ತಿರುವಾಸಗಂ’. ಶೈವಕವಿ ಮಾಣಿಕ್ಕವಾಚಗರ್ ಪದ್ಯಗಳಿಗೆ ಬುಡಾಪೆಸ್ಟಿನ ವಾದ್ಯವೃಂದ ಜೊತೆಗೂಡಿದ ಕೃತಿ. ಐದನೆಯದು 2025ರ ಮಾರ್ಚ್ 8ರಂದು ಲಂಡನ್ನಿನ ಈವೆಂಟಿಮ್ ಅಪೊಲೊ ಸಭಾಂಗಣದಲ್ಲಿ ನುಡಿಸಲಾದ ‘ವೇಲಿಯಂಟ್’ ಸಿಂಫನಿ.

ಇವೆಲ್ಲ ಸೇರಿ ಒಂದು ಮಾಲಿಕೆಯೇ ಎಂಬ ಆಕ್ಷೇಪ ಬರಬಹುದು. ಯಾವ ಹೊದಿಕೆಯ ಮೇಲೂ ‘ಭಾಗ ಒಂದು’, ‘ಭಾಗ ಎರಡು’ ಎಂದು ಅಚ್ಚಾಗಿಲ್ಲ. ಮಾಲಿಕೆಯನ್ನು ಕಟ್ಟಿದವನು ಕೇಳುಗನೇ. ಒಂದನ್ನು ಕೇಳಿ, ಸವೆಯುವಷ್ಟು ಕೇಳಿ, ಮುಂದಿನದು ಬರುತ್ತದೆಂದು ಕಾದು, ಬಾರದಿದ್ದಾಗ ಮತ್ತೆ ಹಳೆಯದಕ್ಕೇ ಮರಳಿದವನು ಅವನು. 1986ರಿಂದ 2025ರವರೆಗೆ ಈ ಮಣಿಗಳನ್ನು ಹಿಡಿದಿಟ್ಟ ದಾರ ಕಾಯುವಿಕೆಯೊಂದೇ. ಆದರೆ ‘ಕಾಯುವಿಕೆ’ ಎಂದರೆ ಯಾರಿಗಾದರೂ ಅರ್ಥವಾಗಿಬಿಡುವ ಅಪಾಯವಿರುವುದರಿಂದ ಪ್ರಸ್ತುತ ಪ್ರಬಂಧದಲ್ಲಿ ಅದನ್ನು ‘ಪ್ರತೀಕ್ಷಾತ್ಮಕ ಕಾಲಪ್ರಜ್ಞೆಯ ಸಂಕಥನ’ ಎಂದು ಕರೆಯಲಾಗಿದೆ.

2. ಅಧ್ಯಯನ ವಿಧಾನ

ಆಕರಗಳನ್ನು ಎರಡು ಬಗೆಯಾಗಿ ವಿಂಗಡಿಸಲಾಗಿದೆ. ಪ್ರಾಥಮಿಕ ಆಕರ: ಸಂಗೀತ. ದ್ವಿತೀಯಕ ಆಕರ: ಸಂಗೀತ ಕೇಳದವರು ಸಂಗೀತದ ಬಗ್ಗೆ ಬರೆದ ಲೇಖನಗಳು. ಎರಡರ ನಡುವೆ ಭಿನ್ನಾಭಿಪ್ರಾಯ ತಲೆದೋರಿದ ಕಡೆಗಳಲ್ಲೆಲ್ಲ ದ್ವಿತೀಯಕ ಆಕರವನ್ನೇ ನಂಬಲಾಗಿದೆ. ಅದರಲ್ಲಿ ಪುಟಸಂಖ್ಯೆ ಇರುತ್ತದೆ; ಪಿಟೀಲಿನಲ್ಲಿ ಇರುವುದಿಲ್ಲ.

ಪ್ರಾಕ್ಕಲ್ಪನೆ ಹೀಗಿದೆ: ಕೇಳುಗನು ಅಳುವುದು ಸಂಗೀತ ಚೆನ್ನಾಗಿರುವುದರಿಂದ ಅಲ್ಲ. ಬೇರೆ ಏನೋ ಕಾರಣವಿರಬೇಕು. ಆ ಕಾರಣ ಸಂಶೋಧಕನಿಗೆ ಗೊತ್ತಿರಬೇಕು, ಕೇಳುಗನಿಗೆ ಗೊತ್ತಿರಕೂಡದು. ಹಾಗಿಲ್ಲದಿದ್ದರೆ ಸಂಶೋಧನೆ ಅಗತ್ಯವೇ ಇರುತ್ತಿರಲಿಲ್ಲ ಎಂಬುದು ತರ್ಕಸಿದ್ಧ.

3. ಶ್ರೋತೃ ವರ್ಗೀಕರಣ

ಶ್ರೋತೃಗಳನ್ನು ಒಂಬತ್ತು ವರ್ಗಗಳಾಗಿ ವಿಭಜಿಸಲಾಗಿದೆ. ಒಂಬತ್ತೇ ಏಕೆಂದರೆ ರಸಗಳು ಒಂಬತ್ತು, ಗ್ರಹಗಳು ಒಂಬತ್ತು. ಎಂಟಾದರೆ ಮೌಖಿಕ ಪರೀಕ್ಷೆಯಲ್ಲಿ ಕೇಳುತ್ತಾರೆ.

(ಅ) ಅಶ್ರುಪ್ರಧಾನ ಶ್ರೋತೃ. ಭರತಮುನಿ ಎಂಟು ಸಾತ್ವಿಕಭಾವಗಳನ್ನು ಹೇಳಿದ್ದಾನೆ: ಸ್ತಂಭ, ಸ್ವೇದ, ರೋಮಾಂಚ, ಸ್ವರಭಂಗ, ಕಂಪ, ವೈವರ್ಣ್ಯ, ಅಶ್ರು, ಪ್ರಲಯ. ಮೆಜೆಸ್ಟಿಕ್‌ನಿಂದ ಬನಶಂಕರಿಗೆ ಹೊರಟ ಸಿಟಿ ಬಸ್ಸಿನಲ್ಲಿ ಇಯರ್‌ಫೋನ್ ಸಿಕ್ಕಿಸಿಕೊಂಡು ‘ನಥಿಂಗ್ ಬಟ್ ವಿಂಡ್’ ಸಂಪುಟದ ‘ಸಾಂಗ್ ಆಫ್ ಸೋಲ್’ ಕೇಳುತ್ತಿದ್ದ ಪ್ರಯೋಗವಸ್ತುವಿನಲ್ಲಿ ಈ ಪೈಕಿ ಏಳು ಕಂಡುಬಂದವು. ಸ್ವೇದವನ್ನು ಲೆಕ್ಕಕ್ಕೆ ಹಿಡಿದಿಲ್ಲ. ಅದು ಬಸ್ಸಿನಲ್ಲಿದ್ದ ಎಲ್ಲರಲ್ಲೂ ಇತ್ತು. ಪ್ರಲಯ, ಎಂದರೆ ಮೈಮರೆವು, ಇಳಿಯಬೇಕಾದ ಸ್ಟಾಪು ದಾಟಿಹೋದದ್ದರಿಂದಲೂ ಕಂಡಕ್ಟರು ಕೇಳಿದ ಹೆಚ್ಚುವರಿ ಟಿಕೆಟ್ಟಿನಿಂದಲೂ ದಾಖಲೆಸಮೇತ ಸಾಬೀತಾಗಿದೆ.

(ಆ) ರಾಗಾನ್ವೇಷಕ ಶ್ರೋತೃ. ಇವನು ಮೂರು ಸ್ವರ ಕೇಳುವಷ್ಟರಲ್ಲಿ ಪಕ್ಕದವನ ತೊಡೆ ತಟ್ಟಿ ರಾಗದ ಹೆಸರು ಹೇಳುತ್ತಾನೆ. ಹೆಸರು ಸಿಕ್ಕಿದೊಡನೆ ಅವನ ಮಟ್ಟಿಗೆ ಕೇಸು ಮುಗಿಯಿತು; ಉಳಿದ ಆರು ನಿಮಿಷ ಮೊಬೈಲು ನೋಡುತ್ತಾನೆ. ರಾಗ ತಪ್ಪಾದರೆ ಅನ್ಯಸ್ವರ ಬಂದಿದೆ ಎಂದು ರಚನಕಾರನ ಮೇಲೆ ಹಾಕುತ್ತಾನೆ.

(ಇ) ಪೂರ್ವಸೂರಿ ಶ್ರೋತೃ. ಇದನ್ನೆಲ್ಲ ಬಾಖ್ ಆಗಲೇ ಮಾಡಿಬಿಟ್ಟಿದ್ದಾನೆ ಎನ್ನುವವನು. ಬಾಖ್ ಏನು ಮಾಡಿದ್ದಾನೆ ಎಂದು ಕೇಳಿದರೆ, ಅದನ್ನು ಹೀಗೆ ನಿಂತ ಕಾಲಲ್ಲಿ ಹೇಳಲಾಗುವುದಿಲ್ಲ ಎನ್ನುತ್ತಾನೆ. ಕೂರಲು ಕುರ್ಚಿ ಕೊಟ್ಟರೂ ಹೇಳಿದ ದಾಖಲೆಯಿಲ್ಲ.

(ಈ) ಪ್ರಾದೇಶಿಕ ಹಕ್ಕುಮಂಡಕ ಶ್ರೋತೃ. “ಅವರು ನಮ್ಮ ಜಿ.ಕೆ. ವೆಂಕಟೇಶ್ ಗರಡಿಯವರು ಸ್ವಾಮಿ” ಎಂದೇ ಇವನ ಮಾತು ಶುರುವಾಗುತ್ತದೆ. ತೊಂದರೆಯೆಂದರೆ ಇವನು ಹೇಳುವುದು ನಿಜ. ಪಣ್ಣೈಪುರಂ ಎಂಬ ಹಳ್ಳಿಯಲ್ಲಿ 1943ರಲ್ಲಿ ಹುಟ್ಟಿ, ಅಣ್ಣ ಪಾವಲರ್ ವರದರಾಜನ್ ತಂಡದೊಡನೆ ಊರೂರು ಅಲೆದು ಮದರಾಸಿಗೆ ಬಂದ ಹುಡುಗ, ಧನರಾಜ್ ಮಾಸ್ಟರ್ ಬಳಿ ಪಾಶ್ಚಾತ್ಯ ಸ್ವರಲಿಪಿ ಕಲಿತ. ‘ಕಸ್ತೂರಿ ನಿವಾಸ’, ‘ಬಂಗಾರದ ಮನುಷ್ಯ’ ಚಿತ್ರಗಳ ಸಂಗೀತ ನಿರ್ದೇಶಕರಾದ ವೆಂಕಟೇಶ್ ಬಳಿ ಗಿಟಾರ್ ನುಡಿಸುತ್ತ ಸಹಾಯಕನಾಗಿ ವರ್ಷಗಟ್ಟಲೆ ದುಡಿದ. ಹಾಗೆ ದುಡಿದ ಚಿತ್ರಗಳಲ್ಲಿ ಬಹುಪಾಲು ಕನ್ನಡದವು. 1976ರಲ್ಲಿ ‘ಅನ್ನಕ್ಕಿಳಿ’ಯಿಂದ ಸ್ವತಂತ್ರನಾದ ಮೇಲೆ ಆತ ಕನ್ನಡಕ್ಕೆ ಮತ್ತೆ ಬಂದದ್ದು ಶಂಕರ್‌ನಾಗ್ ಅವರ ‘ಗೀತಾ’, ಮಣಿರತ್ನಂ ಅವರ ಮೊದಲ ಚಿತ್ರ ‘ಪಲ್ಲವಿ ಅನುಪಲ್ಲವಿ’ಯಂಥವನ್ನು ಕೊಡುವುದಕ್ಕೆ. ಇಷ್ಟನ್ನೂ ಈ ಶ್ರೋತೃ ಒಂದೇ ಉಸಿರಿಗೆ ಹೇಳುತ್ತಾನೆ. ನಿಜ ಸಂಗತಿಗಳಿಗೆ ಸಂಶೋಧನೆಯಲ್ಲಿ ಸ್ಥಾನವಿಲ್ಲವೆಂದಲ್ಲ, ಆದರೆ ಸಿದ್ಧಾಂತದ ಬೆಂಬಲವಿಲ್ಲದೆ ಅವು ಒಳಗೆ ಬರುವಂತಿಲ್ಲ.

(ಉ) ಉಳಿದ ಐದು ವರ್ಗಗಳು. ಮಾರ್ಗದರ್ಶಕರು ಒಂಬತ್ತು ಬೇಕೆಂದಿದ್ದರು, ನಿಜ. ಆದರೆ ನಾನು ಬಲ್ಲ ಕೇಳುಗರೆಲ್ಲ ಬೆಳಿಗ್ಗೆ (ಆ), ಮಧ್ಯಾಹ್ನ ಕ್ಯಾಂಟೀನಿನಲ್ಲಿ (ಈ), ರಾತ್ರಿ ಮನೆಯವರೆಲ್ಲ ಮಲಗಿದ ಮೇಲೆ (ಅ). ಒಬ್ಬನೇ ಮನುಷ್ಯ ಮೂರು ಡಬ್ಬಿಗಳಲ್ಲಿ ಓಡಾಡಿಕೊಂಡಿರುವಾಗ ಇನ್ನೂ ಐದು ಡಬ್ಬಿ ಕೊಂಡು ತರುವುದು ದುಂದುವೆಚ್ಚ. ವರ್ಗೀಕರಣ ಇಲ್ಲಿಗೆ ಸಾಕು.

4. ತೌಲನಿಕ ವಿಶ್ಲೇಷಣೆ

ಮೊದಲ ಸಂಪುಟದಲ್ಲಿ ‘ಡೋಂಟ್ ಕಂಪೇರ್’ ಎಂಬ ಹೆಸರಿನ ರಚನೆಯೊಂದಿದೆ. ಸದರಿ ರಚನೆಯನ್ನು ತೌಲನಿಕ ವಿಧಾನದಿಂದ ವಿಶ್ಲೇಷಿಸಲಾಯಿತು.

ಬಾಖ್ ತೀರಿಕೊಂಡದ್ದು 1750ರಲ್ಲಿ. ತ್ಯಾಗರಾಜರು ಹುಟ್ಟಿದ್ದು 1767ರಲ್ಲಿ. ನಡುವೆ ಹದಿನೇಳು ವರ್ಷಗಳ ಒಂದು ಸಾಂಸ್ಕೃತಿಕ ನಿರ್ವಾತವಿದೆ. ಈ ನಿರ್ವಾತದಲ್ಲಿ ಅಧಿಕಾರ ರಾಜಕಾರಣದ ಯಾವ ಬಗೆಯ ಮಾರ್ಗ-ದೇಸಿ ಸಂಘರ್ಷ ಹುದುಗಿದೆ ಎಂಬ ಬಗ್ಗೆ ವಿದ್ವಾಂಸರಲ್ಲಿ ಏಕಾಭಿಪ್ರಾಯವಿಲ್ಲ. ಪೌರ್ವಾತ್ಯವು ಪಾಶ್ಚಾತ್ಯವನ್ನು ಒಳಗೊಂಡಿತೆಂದು ಒಂದು ಬಣ, ಪಾಶ್ಚಾತ್ಯವೇ ಪೌರ್ವಾತ್ಯವನ್ನು ನುಂಗಿತೆಂದು ಇನ್ನೊಂದು ಬಣ. ಎರಡೂ ಬಣದವರು ಊಟಕ್ಕೆ ಒಂದೇ ಸಾಲಿನಲ್ಲಿ ಕೂತದ್ದನ್ನು ಕಂಡಿದ್ದೇನೆ. ಅಲ್ಲಿ ನುಂಗುವ ವಿಷಯದಲ್ಲಿ ಸಂಪೂರ್ಣ ಒಮ್ಮತವಿತ್ತು.

ಈ ಚರ್ಚೆಯ ನಡುವೆ ‘ಐ ಮೆಟ್ ಬಾಖ್ ಇನ್ ಮೈ ಹೌಸ್’ ಎಂಬ ರಚನೆ ತನ್ನ ಪಾಡಿಗೆ ತಾನು ಮೊಳಗುತ್ತಿರುತ್ತದೆ. ಬಾಖ್ ಒಂಟಿ ವಯಲಿನ್‌ಗೆಂದು ಬರೆದ ಮೂರನೆಯ ಪಾರ್ಟಿಟಾದ ಪೀಠಿಕೆ ಅದರಲ್ಲಿ ಓಡುತ್ತದೆ. ನಿಲ್ಲದೆ, ಉಸಿರಿಗೂ ಬಿಡುವು ಕೊಡದೆ ಉರುಳುವ ಸ್ವರಗಳು. ಅದರ ಓಟವನ್ನು ಕದಡದೆ ಇನ್ನೊಂದು ವಯಲಿನ್ ನಮ್ಮ ಗಮಕಗಳನ್ನು ಹೊತ್ತು ಒಳಗೆ ಬರುತ್ತದೆ. ಒಂದು ರಾಗಧಾರೆ ಸಾಗುತ್ತಿರುವಾಗಲೇ ಮತ್ತೊಂದು ತನ್ನದೇ ದಾರಿ ಹಿಡಿಯುವ, ಯಾವುದೂ ಯಾವುದಕ್ಕೂ ಪಕ್ಕವಾದ್ಯವಾಗದ ಈ ಕಟ್ಟನ್ನು ಪಾಶ್ಚಾತ್ಯ ಸಂಗೀತಗಾರರು ಕೌಂಟರ್‌ಪಾಯಿಂಟ್ ಎನ್ನುತ್ತಾರೆ. ಜಗುಲಿಯ ಮೇಲೆ ಇಬ್ಬರು ಅಜ್ಜಂದಿರು ಏಕಕಾಲಕ್ಕೆ ಮಾತಾಡುತ್ತಾ, ಇಬ್ಬರಿಗೂ ಮತ್ತೊಬ್ಬರ ಮಾತು ಪೂರ್ತಿ ಕೇಳಿಸುತ್ತಿದ್ದರೆ ಹೇಗಿರುತ್ತದೋ ಹಾಗೆ. ಇದರ ಮುಂದಿನ ರಚನೆಯ ಹೆಸರು ‘ಅಂಡ್ ವಿ ಹ್ಯಾಡ್ ಎ ಟಾಕ್’. ಯಾರು ಯಾರನ್ನೂ ನುಂಗಲಿಲ್ಲ. ಬಂದರು, ಕೂತರು, ಮಾತಾಡಿದರು. ರಚನಕಾರನೇ ಶೀರ್ಷಿಕೆಯಲ್ಲಿ ಇಷ್ಟು ಸ್ಪಷ್ಟವಾಗಿ ಹೇಳಿರುವುದರಿಂದ ಈ ವಿವರಣೆಯನ್ನು ತಿರಸ್ಕರಿಸಲಾಗಿದೆ.

ಎರಡನೆಯ ಸಂಪುಟದ ‘ಮೊಜಾರ್ಟ್ ಐ ಲವ್ ಯೂ’ ಎಂಬ ರಚನೆ ಇನ್ನೂ ತೊಡಕಿನದು. ಪ್ರೀತಿಸುತ್ತೇನೆ ಎಂದು ಹೆಸರಿನಲ್ಲೇ ಹೇಳಿಬಿಟ್ಟರೆ ಸಂಶೋಧಕ ಮಾಡುವುದೇನು? ಆದ್ದರಿಂದ ‘ಪ್ರೀತಿ’ಯ ಜಾಗದಲ್ಲಿ ‘ಯಜಮಾನ ಸಂಸ್ಕೃತಿಗೆ ಅಧೀನಪ್ರಜ್ಞೆ ಕೊಟ್ಟ ಅಪ್ರಜ್ಞಾಪೂರ್ವಕ ಸಮ್ಮತಿ’ ಎಂದು ತಿದ್ದಿ ಓದಿಕೊಳ್ಳತಕ್ಕದ್ದು. ಹೀಗೆ ಓದಿಕೊಂಡ ಮೇಲೆ ಕೊಳಲು ಅಷ್ಟೊಂದು ಇಂಪಾಗಿ ಕೇಳಿಸುವುದಿಲ್ಲ. ವಿಧಾನ ಫಲಿಸಿತೆಂದು ಅರ್ಥ.

5. ಅಶ್ರುತ ಸಂಪುಟದ ಬಗ್ಗೆ

ಐದರಲ್ಲಿ ಅತ್ಯಂತ ಹೆಚ್ಚು ವ್ಯಾಖ್ಯಾನಕ್ಕೆ ಅನುಕೂಲವಾಗಿ ಒದಗಿರುವುದು 1993ರ ಸಿಂಫನಿ. ಕಾರಣ ಸ್ಪಷ್ಟ: ಅದನ್ನು ಯಾರೂ ಕೊಂಡು ಕೇಳಿಲ್ಲ. ಲಂಡನ್ನಿನಲ್ಲಿ ಜಾನ್ ಸ್ಕಾಟ್ ನಿರ್ದೇಶನದಲ್ಲಿ ರಾಯಲ್ ಫಿಲ್‌ಹಾರ್ಮೋನಿಕ್ ಅದನ್ನು ನುಡಿಸಿದ ಸುದ್ದಿ ಪತ್ರಿಕೆಗಳಲ್ಲಿ ಬಂತು, ಸನ್ಮಾನಗಳಾದವು, ಭಾಷಣಗಳಾದವು. ಕ್ಯಾಸೆಟ್ಟು ಮಾತ್ರ ಅಂಗಡಿಗೆ ಬರಲಿಲ್ಲ. ಕೇಳಬೇಕಾದ ಹಂಗು ತಪ್ಪಿದ್ದರಿಂದ ವಿದ್ವತ್ತಿಗೆ ಇಲ್ಲಿ ಸಂಪೂರ್ಣ ಸ್ವಾತಂತ್ರ್ಯವಿದೆ. ಸದರಿ ಸಿಂಫನಿಯ ಮೂರನೆಯ ಚಲನೆಯಲ್ಲಿ ಹೊಮ್ಮುವ ಮೌನದ ಬಗ್ಗೆ ನಾನೇ ಮೂವತ್ತು ಪುಟ ಬರೆಯಬಲ್ಲೆ; ಉಳಿದ ಚಲನೆಗಳಲ್ಲೂ ಅಷ್ಟೇ ಮೌನವಿದೆ.

ಕೇಳುಗ ಮಾತ್ರ ಬುದ್ಧಿವಂತನಲ್ಲ. ಅವನು ಮೂರು ದಶಕ ಅಂಗಡಿಯವನನ್ನು ಕೇಳುತ್ತಲೇ ಇದ್ದ. ಅಂಗಡಿಯೇ ಮುಚ್ಚಿತು. ಕ್ಯಾಸೆಟ್ಟು ಹೋಗಿ ಸೀಡಿ ಬಂತು, ಸೀಡಿ ಹೋಗಿ ಫೋನು ಬಂತು. 2025ರಲ್ಲಿ, ಎಂಬತ್ತು ದಾಟಿದ ಇಳಯರಾಜಾ ಲಂಡನ್ನಿನ ವೇದಿಕೆ ಹತ್ತಿದಾಗ, ಅವನು ಹಳೆಯದೊಂದು ಬಾಕಿ ತೀರಿದಂತೆ ಕೂತು ಅತ್ತ. ಇದನ್ನು ‘ವಿಳಂಬಿತ ಭಾವವಿಮೋಚನೆ’ ಎಂದು ಗುರುತಿಸಲಾಗಿದೆ. ಪಕ್ಕದ ಮನೆಯವರು ಅದನ್ನು ನೆಗಡಿ ಎಂದು ಗುರುತಿಸಿದರು.

6. ವಿಚಾರ ಸಂಕಿರಣದ ಒಂದು ವರದಿ

ಒಂದು ಊರಿನ ಒಂದು ಕಾಲೇಜಿನಲ್ಲಿ ಎರಡು ದಿನಗಳ ರಾಷ್ಟ್ರಮಟ್ಟದ ವಿಚಾರ ಸಂಕಿರಣ ನಡೆಯಿತು. ವಿಷಯ ಜನಪ್ರಿಯ ಸಂಗೀತ. ಹಾರ, ತುರಾಯಿ, ಏಲಕ್ಕಿ ಮಾಲೆ, ದೀಪ ಬೆಳಗುವಿಕೆ, ಪ್ರಾಸ್ತಾವಿಕ ನುಡಿ, ಆಶಯ ನುಡಿ, ದಿಕ್ಸೂಚಿ ಭಾಷಣ, ಅಧ್ಯಕ್ಷೀಯ ಭಾಷಣ. ಇಳಯರಾಜಾ ಬಗೆಗಿನ ಗೋಷ್ಠಿಯಲ್ಲಿ ಒಬ್ಬ ವಿದ್ವಾಂಸರು ಬಹಳ ಹೊತ್ತು ಮಾತಾಡಿದರು. ‘ಹೌ ಟು ನೇಮ್ ಇಟ್?’ ಅನ್ನು ಮಧ್ಯಮವರ್ಗದ ಅಗ್ಗದ ಭಾವುಕತೆಯ ಉತ್ಪನ್ನವೆಂದು ಸಾಧಿಸಿದರು. ಸ್ಕ್ರೀನಿತ್ತು, ಪ್ರೊಜೆಕ್ಟರಿತ್ತು, ಎತ್ತರದ ಎರಡು ಸ್ಪೀಕರುಗಳಿದ್ದವು. ಎರಡು ದಿನದಲ್ಲಿ ಒಂದೇ ಒಂದು ಸ್ವರ ಯಾರೂ ಕೇಳಿಸಲಿಲ್ಲ.

ಪ್ರಶ್ನೋತ್ತರದ ವೇಳೆ ಹಿಂದಿನ ಸಾಲಿನಿಂದ ವಯಸ್ಸಾದ ಒಬ್ಬರು ಎದ್ದು ಕೇಳಿದರು: “ಸರ್, ಅದರಲ್ಲಿ ಆ ಪಿಟೀಲು ನುಡಿಸಿದ್ದು ಯಾರು?”

ವಿದ್ವಾಂಸರು ನಕ್ಕರು. ಕರ್ತೃವಿನ ಸಾವು ಘೋಷಣೆಯಾದ ಮೇಲೆ ಅಂಥ ಪ್ರಶ್ನೆಗಳು ಅಪ್ರಸ್ತುತವಾಗುತ್ತವೆ ಎಂದರು. ಮುಂದಿನ ಸಾಲಿನವರು ಚಪ್ಪಾಳೆ ತಟ್ಟಿದರು. ಸಮಯಾಭಾವದಿಂದ ಗೋಷ್ಠಿ ಮುಗಿಯಿತು. ಕೇಳಿದವರು ಕೂತುಕೊಂಡರು.

ಕರ್ತೃ ಸತ್ತಿರಬಹುದು ಸ್ವಾಮಿ, ಅದು ನಿಮಗೂ ರೋಲಾಂ ಬಾರ್ತ್‌ಗೂ ಬಿಟ್ಟದ್ದು. ಪಿಟೀಲು ನುಡಿಸಿದವರಿಗೆ ಹೆಸರಿದೆ. ವಿ.ಎಸ್. ನರಸಿಂಹನ್. ಈ ಹೆಸರು ಹೇಳಲು ಸಿದ್ಧಾಂತ ಬೇಕಿಲ್ಲ, ಗೊತ್ತಿದ್ದರೆ ಸಾಕು. ಗೊತ್ತಿಲ್ಲದಿದ್ದರೆ ‘ಗೊತ್ತಿಲ್ಲ’ ಎನ್ನಲು ಮೂರೇ ಅಕ್ಷರ. ಅದೂ ಕಷ್ಟವಾದಾಗ ಮನುಷ್ಯ ಫ್ರೆಂಚ್ ಚಿಂತಕರನ್ನು ಕರೆತರುತ್ತಾನೆ. ನಿಮ್ಮ ‘ಅಗ್ಗದ ಭಾವುಕತೆ’ಗೆ ಬರೋಣ. ಎಷ್ಟು ಅಗ್ಗ? ಆ ಕಾಲಕ್ಕೆ ಒರಿಜಿನಲ್ ಕ್ಯಾಸೆಟ್ ಕೊಳ್ಳಲಾರದ ಹುಡುಗರು ಖಾಲಿ ಕ್ಯಾಸೆಟ್ ತಂದು, ರೆಕಾರ್ಡಿಂಗ್ ಅಂಗಡಿಯವನಿಗೆ ದುಡ್ಡು ಕೊಟ್ಟು, ಎರಡು ದಿನ ಬಿಟ್ಟು ಬಾ ಎಂದರೆ ಎರಡು ದಿನ ಬಿಟ್ಟು ಹೋಗಿ, ತುಂಬಿಸಿಕೊಂಡು ಬಂದ ಸಂಗೀತ ಅದು. ಅವರಿಗೆ ಬಾಖ್ ಯಾರೆಂದು ಯಾವ ಪಠ್ಯವೂ ಹೇಳಿಕೊಟ್ಟಿರಲಿಲ್ಲ. ಲಕ್ಷಗಟ್ಟಲೆ ಜನಕ್ಕೆ ಬಾಖ್‌ನನ್ನು ಮನೆಗೆ ಕರೆತಂದು ಪರಿಚಯಿಸಿದ್ದು ನಿಮ್ಮ ವಿಭಾಗವಲ್ಲ. ಸಿನಿಮಾ ಹಾಡು ಮಾಡುವವನು. ಅದಕ್ಕೆ ನಿಮಗೆ ಕೋಪ.

7. ಆರ್ಥಿಕ ಆಯಾಮ

ಪ್ರಬಂಧದ ಶಿಸ್ತಿಗೆ ಮರಳೋಣ. ವಾದ್ಯವೃಂದದ ಸಂಗೀತಕ್ಕೆ ವಾದ್ಯವೃಂದ ಬೇಕು ಎಂಬುದು ಈ ಅಧ್ಯಯನದ ಮುಖ್ಯ ಆವಿಷ್ಕಾರ. ವಾದ್ಯವೃಂದವೆಂದರೆ ಮನುಷ್ಯರು; ಬೆಳಿಗ್ಗೆ ಏಳಕ್ಕೆ ಸ್ಟುಡಿಯೊಗೆ ಬಂದವರು, ಕಾಲ್‌ಶೀಟಿನ ಲೆಕ್ಕದಲ್ಲಿ ಕೂಲಿ ಪಡೆದವರು. ಇಳಯರಾಜಾ ಪ್ರತಿ ವಾದ್ಯದ ಭಾಗವನ್ನೂ ತಾವೇ ಸ್ವರಲಿಪಿಯಲ್ಲಿ ಬರೆದು ತರುತ್ತಿದ್ದರು. ಅದನ್ನು ನಕಲು ಮಾಡಿ ಹಂಚಿದರೆ, ನುಡಿಸುವವರು ಅಲ್ಲೇ ನೋಡಿ, ಅಲ್ಲೇ ನುಡಿಸುತ್ತಿದ್ದರು. ಒಬ್ಬ ತಪ್ಪಿದರೆ ಎಲ್ಲರೂ ಮೊದಲಿನಿಂದ. ಗಿಟಾರಿನ ಸದಾನಂದಂ, ಡ್ರಮ್ಸ್ ಪುರುಷೋತ್ತಮನ್, ಕೀಬೋರ್ಡಿನ ವಿಜಿ ಮ್ಯಾನುಯೆಲ್. ನಾನು ಹೇಳಬಲ್ಲ ಹೆಸರುಗಳು ಇಷ್ಟೇ. ಹಿಂದಿನ ಸಾಲುಗಳಲ್ಲಿ ಬಿಲ್ಲು ಎಳೆದವರ ಹೆಸರು ನಮ್ಮ ನಕಲು ಕ್ಯಾಸೆಟ್ಟಿನ ಮೇಲೆ ಎಲ್ಲಿಂದ ಬರಬೇಕು? ಅದರ ಮೇಲೆ ಇದ್ದದ್ದು ಅಂಗಡಿಯವನು ಬಾಲ್‌ಪೆನ್ನಿನಲ್ಲಿ ಗೀಚಿದ ‘ರಾಜಾ ಮ್ಯೂಸಿಕ್’ ಎಂಬುದಷ್ಟೇ.

ಇಲ್ಲೊಂದು ಸಂಗತಿಯಿದೆ, ಇದಕ್ಕೆ ಪಾರಿಭಾಷಿಕ ಪದ ನನ್ನ ಬಳಿ ಇಲ್ಲ. ‘ಹೌ ಟು ನೇಮ್ ಇಟ್?’ ಬಂದ ಅದೇ 1986ರಲ್ಲಿ, ಅದೇ ಇಳಯರಾಜಾ, ‘ಪುನ್ನಗೈ ಮನ್ನನ್’ ಚಿತ್ರಕ್ಕೆ ಕಂಪ್ಯೂಟರ್ ಸಂಗೀತವನ್ನು ತಂದರು. ಒಂದು ಕೈಯಲ್ಲಿ ಪಿಟೀಲುಗಳಿಗೆ ಅಷ್ಟು ದೊಡ್ಡ ಕಾಣಿಕೆ, ಇನ್ನೊಂದು ಕೈಯಲ್ಲಿ ಪಿಟೀಲಿಲ್ಲದೆ ನಡೆಯುವ ಯಂತ್ರ. ಅವರ ತಪ್ಪೆನ್ನುತ್ತಿಲ್ಲ, ಆಮೇಲೂ ದಶಕಗಳ ಕಾಲ ಮನುಷ್ಯರನ್ನೇ ಕೂರಿಸಿ ನುಡಿಸಿದವರಲ್ಲಿ ಅವರೇ ಮುಂದು. ಆದರೆ ಉಳಿದವರಿಗೆ ಯಂತ್ರ ಅಗ್ಗವಾಯಿತು. ನಲವತ್ತು ಬಿಲ್ಲುಗಳ ಸದ್ದು ಒಂದು ಬೆರಳಿನ ಕೆಳಗೆ ಬಂತು. ಕಾಲ್‌ಶೀಟು ಕಡಿಮೆಯಾಯಿತು. ನುಡಿಸುವವರು ಮದುವೆ ಆರ್ಕೆಸ್ಟ್ರಾಗೆ ಹೋದರು, ಮಕ್ಕಳಿಗೆ ಪಾಠ ಹೇಳಿದರು, ಕೆಲವರು ವಾದ್ಯವನ್ನು ಅಟ್ಟಕ್ಕೇರಿಸಿದರು. 1993ರ ಸಿಂಫನಿಗೂ 2005ರ ‘ತಿರುವಾಸಗಂ’ಗೂ 2025ರ ಸಿಂಫನಿಗೂ ದೊಡ್ಡ ವಾದ್ಯವೃಂದ ಬೇಕೆಂದು ಇಳಯರಾಜಾ ಲಂಡನ್ನಿಗೆ, ಬುಡಾಪೆಸ್ಟಿಗೆ ಹೋಗಬೇಕಾಯಿತು. ನಾವು ಅದನ್ನು ಹೆಮ್ಮೆ ಎಂದು ಆಚರಿಸಿದೆವು. ಹೆಮ್ಮೆಯೂ ಹೌದು. ಆದರೆ ಸುಮಾರು ಎಂಟು ಕೋಟಿ ಜನರ ಅವರ ರಾಜ್ಯದಲ್ಲಾಗಲಿ, ಪಕ್ಕದ ನಮ್ಮ ರಾಜ್ಯದಲ್ಲಾಗಲಿ, ಸಿಂಫನಿ ನುಡಿಸುವ ಒಂದು ಕಾಯಂ ವಾದ್ಯವೃಂದವನ್ನು ಸಂಬಳ ಕೊಟ್ಟು ಇಟ್ಟುಕೊಳ್ಳಲು ನಮಗೆ ಆಗಿಲ್ಲ. ಇದರ ಮೇಲೆ ಸಂಕಿರಣ ಮಾಡಬಹುದಿತ್ತು.

ಇಂದು ಫೋನಿನಲ್ಲಿ ಒತ್ತಿದರೆ ‘ಹೌ ಟು ನೇಮ್ ಇಟ್?’ ಸಂಪುಟದ ಹತ್ತೂ ರಚನೆಗಳು ಬರುತ್ತವೆ. ಪರದೆಯ ಮೇಲೆ ಒಂದೇ ಹೆಸರು. ಹುಡುಗರು ಕೇಳುತ್ತಾರೆ, ಚೆನ್ನಾಗಿದೆ ಎನ್ನುತ್ತಾರೆ, ಮುಂದೆ ಹೋಗುತ್ತಾರೆ. ನುಡಿಸಿದವರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ಅವರ ಬಗ್ಗೆ ಪ್ರಬಂಧವಿಲ್ಲ, ಪದವಿಯಿಲ್ಲ; ಕೇಳಿಸಿಕೊಂಡವರ ಭಾವುಕತೆ ಅಗ್ಗದ್ದೋ ದುಬಾರಿಯದೋ ಎಂಬ ಬಗ್ಗೆ ಮಾತ್ರ ಅಲಮಾರು ತುಂಬ ಪ್ರಬಂಧಗಳಿವೆ.

8. ಫಲಿತಗಳು

ಒಂದು, ಪ್ರಾಕ್ಕಲ್ಪನೆ ಬಿದ್ದುಹೋಗಿದೆ. ಕೇಳುಗ ಅಳುವುದು ಸಂಗೀತ ಚೆನ್ನಾಗಿರುವುದರಿಂದಲೇ.

ಎರಡು, ಇದನ್ನು ಕಂಡುಹಿಡಿಯಲು ಅನುದಾನ ಬೇಕಾಗಿರಲಿಲ್ಲ.

ಮೂರು, ಮೇಲಿನ ಕಾರಣಕ್ಕಾಗಿ ಅನುದಾನವನ್ನು ಹಿಂದಿರುಗಿಸಲಾಗುವುದಿಲ್ಲ.

ಮುಂದಿನ ಸಂಶೋಧನೆಗೆ ಶಿಫಾರಸುಗಳೂ ಇರಬೇಕೆಂಬ ನಿಯಮವಿದೆ. 1993ರ ಧ್ವನಿಮುದ್ರಣ ಯಾರ ಕಪಾಟಿನಲ್ಲಿದ್ದರೂ ಅವರು ದಯವಿಟ್ಟು ಹೊರತರಲಿ. ಕಾದವರಲ್ಲಿ ಅನೇಕರಿಗೆ ವಯಸ್ಸಾಗಿದೆ. ಹಳೆಯ ಸಂಗೀತವನ್ನು ಮರುಬಿ‌ಡುಗಡೆ ಮಾಡುವವರು ನುಡಿಸಿದವರ ಹೆಸರುಗಳನ್ನು ಹುಡುಕಿ ಹಾಕಲಿ. ಹೇಳಬಲ್ಲವರು ಇನ್ನೂ ಕೆಲವರು ಇದ್ದಾರೆ, ಇಂದೇ ಕೇಳಬೇಕು. ಇನ್ನು ಸಂಗೀತದ ಮೇಲೆ ವಿಚಾರ ಸಂಕಿರಣ ನಡೆಸುವ ಮಹನೀಯರಲ್ಲಿ ಒಂದು ಅರಿಕೆ: ಸ್ಪೀಕರುಗಳನ್ನು ಹೇಗೂ ಬಾಡಿಗೆಗೆ ತಂದಿರುತ್ತೀರಿ. ಭಾಷಣಕ್ಕೆ ಮೊದಲು ಐದು ನಿಮಿಷ ಸಂಗೀತ ಹಾಕಿ. ನುಡಿಸಿದವರ ಹೆಸರು ಹೇಳಿ. ಆಮೇಲೂ ಹೇಳುವುದಕ್ಕೆ ಏನಾದರೂ ಉಳಿದಿದ್ದರೆ, ಹೇಳಿ.